ಜರಿಗಿಡದ ವಂಶಾವಳಿ, ಭಾಗ 3: ಬಟ್ಟಲು ನೋಡಿ ನೆಂಟಸ್ತನ ಹೇಳಬಹುದಾ?

ಕುಂದೂರು, ಆಲೂರು, ಸಕಲೇಶಪುರದವರಿಗೆ ಜರಿಗಿಡ ಹೊಸದಲ್ಲ. ತೋಟದ ಬದು, ಬಾವಿ ಗೋಡೆ, ಎಲ್ಲೆಲ್ಲೂ ಇದೆ. ಆದ್ರೆ ಕಾಂಡ ಬಿಟ್ಟು, ಆಳೆತ್ತರ ದಾಟಿ, ಮರದ ಥರ ನಿಲ್ಲೋ ಜರಿಗಿಡ ನೋಡಿದ್ದೀರಾ? ಪಶ್ಚಿಮ ಘಟ್ಟದಲ್ಲಿ ನೆರಳಿರೋ ತೊರೆಗಳ ಬದಿ ಹುಡುಕಿ. ಕುಟುಂಬದ ಹೆಸರು ಸಯಾತಿಯೇಸಿ. ಘಟ್ಟದ ಒಂದು ಜಾತಿ, ಸಯಾತಿಯ ಜೈಗ್ಯಾಂಟಿಯ.

1️⃣ ಬಟ್ಟಲಿನ ಕಾಲ
1793ರಲ್ಲಿ ಇಂಗ್ಲೆಂಡಿನ ಜೇಮ್ಸ್ ಎಡ್ವರ್ಡ್ ಸ್ಮಿತ್ 'ಸಯಾತಿಯ' ಅನ್ನೋ ಹೆಸರಿಟ್ಟರು. ಗ್ರೀಕ್ ಭಾಷೆಯ 'ಬಟ್ಟಲು' ಪದದಿಂದ ಬಂದ ಹೆಸರು. ಯಾಕಂದ್ರೆ ಎಲೆಯ ಹಿಂದೆ ಬೀಜಾಣುಗಳ ಗುಪ್ಪೆ ಪುಟ್ಟ ಬಟ್ಟಲಲ್ಲಿ ಕೂತಿರುತ್ತೆ. ಮುಂದೆ ಇದೇ ಅಳತೆಗೋಲಾಯ್ತು. ಪೂರ್ತಿ ಬಟ್ಟಲಿದ್ರೆ ಸಯಾತಿಯ, ಅರ್ಧ ಇದ್ರೆ ಹೆಮಿಟೀಲಿಯ, ಇಲ್ಲವೇ ಇಲ್ಲ ಅಂದ್ರೆ ಆಲ್ಸೊಫಿಲ. ಜೈಗ್ಯಾಂಟಿಯಕ್ಕೆ ಬಟ್ಟಲಿಲ್ಲ, ಹಾಗಾಗಿ ಮೊದಲು ಆಲ್ಸೊಫಿಲ ಅನ್ನಿಸಿಕೊಂಡಿತ್ತು.

2️⃣ ಹುರುಪೆಯ ಕಾಲ
1970ರಲ್ಲಿ ಹಾರ್ವರ್ಡ್‌ನ ರೋಲಾ ಟ್ರಯಾನ್, ಬಟ್ಟಲು ಬಿಡಿ, ಎಲೆತೊಟ್ಟಿನ ಮೇಲಿರೋ ಹೊಟ್ಟಿನಂಥ ಹುರುಪೆಗಳ ರಚನೆ ನೋಡಿ ಅಂದರು. 2007ರ ಡಿಎನ್‌ಎ ಅಧ್ಯಯನ ಬಹುಮಟ್ಟಿಗೆ ಅವರ ಕಡೆ ನಿಂತಿತು. ಬಟ್ಟಲು ಇಲ್ಲದಿರೋದು ಒಂದೇ ಮನೆತನದ ಗುರುತಲ್ಲ. ಬೇರೆ ಬೇರೆ ಕವಲುಗಳಲ್ಲಿ ಬೇರೆ ಬೇರೆಯಾಗಿ ಆದ ಬದಲಾವಣೆ ಅದು. ಮುಖ ಒಂದೇ ಥರ ಇದೆ ಅಂತ ಅಣ್ಣತಮ್ಮ ಅನ್ನೋಕಾಗಲ್ಲ!

3️⃣ ಹಾಗಾದ್ರೆ ತವರು ಯಾವುದು?
2014ರಲ್ಲಿ ಪೆಟ್ರಾ ಕೊರಾಲ್ ಮತ್ತು ಕ್ಯಾಥ್ಲೀನ್ ಪ್ರೈಯರ್ ಕೊಟ್ಟ ಉತ್ತರ ಗೊಂಡ್ವಾನ, ಸುಮಾರು 15 ಕೋಟಿ ವರ್ಷಗಳ ಹಿಂದೆ. ಬೀಜಾಣು ಧೂಳಿನಷ್ಟು ಹಗುರ, ಗಾಳಿಗೆ ಎಲ್ಲಿ ಬೇಕಾದ್ರೂ ಹೋಗಬಹುದು ಅಂತ ನಮಗನಿಸುತ್ತೆ. ಆದ್ರೆ ಈ ಕುಟುಂಬ ಸಮುದ್ರ ದಾಟಿದ್ದು ಕಡಿಮೆ. ಭೂಖಂಡಗಳು ಒಡೆದು ದೂರ ಸರಿದಾಗ ಗಿಡಗಳೂ ಅವುಗಳ ಜೊತೆ ಬೇರೆಯಾದವು.

ಭಾರತವೂ ಗೊಂಡ್ವಾನದ ತುಂಡೇ. ಸುಮಾರು 9 ಕೋಟಿ ವರ್ಷ ಹಿಂದೆ ಮಡಗಾಸ್ಕರ್ ಬಿಟ್ಟು, ಸುಮಾರು 5 ಕೋಟಿ ವರ್ಷ ಹಿಂದೆ ಏಷ್ಯಾಕ್ಕೆ ಗುದ್ದಿತು. ಹಾಗಂತ ಜೈಗ್ಯಾಂಟಿಯ ಆ ದೋಣಿಯಲ್ಲೇ ಬಂತು ಅನ್ನಬೇಡಿ. ಇದೇ ಜಾತಿ ಈಶಾನ್ಯ ಭಾರತ, ಮ್ಯಾನ್ಮಾರ್, ಥಾಯ್ಲೆಂಡ್‌ನಲ್ಲೂ ಇದೆ. ಕೋಟಿಗಟ್ಟಲೆ ವರ್ಷ ದೂರವಾಗಿದ್ರೆ ಅಲ್ಲಿ ಇಲ್ಲಿ ಒಂದೇ ಜಾತಿಯಾಗಿ ಉಳೀತಿತ್ತಾ? ಕುಟುಂಬದ ವಯಸ್ಸೇ ಬೇರೆ, ಜಾತಿಯ ಪ್ರಯಾಣವೇ ಬೇರೆ.

4️⃣ ಇದೆಲ್ಲ ನಮಗ್ಯಾಕೆ?
ಜರಿಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಗಂಡು ಕೋಶ ನೀರಿನ ತೆಳು ಪದರದಲ್ಲಿ ಈಜಿ ಹೆಣ್ಣು ಕೋಶ ಸೇರಬೇಕು. ತೊರೆ ಬದಿಯ ನೆರಳು ಕಡಿದು ನೆಲ ಒಣಗಿಸಿದ್ರೆ ನಿಂತ ಗಿಡ ಸ್ವಲ್ಪ ಕಾಲ ಇರಬಹುದು, ಮರಿ ಹುಟ್ಟಲ್ಲ. ಸಯಾತಿಯದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಡಿವಾಣ ಇದೆ. ತೊರೆ ಬದಿಯ ನೆರಳಿಗೆ ಕಾವಲು ಮಾತ್ರ ಊರಿನವರೇ.

ಸಿಕ್ಕಿದ್ರೆ ಕೀಳಬೇಡಿ. ಎಲೆ ಮೆಲ್ಲಗೆ ತಿರುಗಿಸಿ ಬಟ್ಟಲಿದೆಯಾ ನೋಡಿ, ತೊಟ್ಟಿನ ಹುರುಪೆಯ ಫೋಟೋ ತೆಗೀರಿ, ಕಾಮೆಂಟಲ್ಲಿ ಹೇಳಿ 🌿

#ಜರಿಗಿಡ #ಮಲೆನಾಡು #ಸಕಲೇಶಪುರ #ಆಲೂರು #ಕುಂದೂರು