ಆಟದ ಚೀಲದ ಮೇಲಿನ ಕೆಂಪು ಶಿಲುಬೆ



ಕಳೆದ ಬೇಸಿಗೆ ರಜೆಯಲ್ಲಿ ನಾವು ಕೆಲವರು ಸೇರಿ ಒಂದು ಸಣ್ಣ ಕೆಲಸಕ್ಕೆ ಕೈ ಹಾಕಿದ್ದೆವು. ಮಾಂತ್ರಿಕರು, ಬಿಲ್ಲುಗಾರರು, ರಾಕ್ಷಸರು ಇರುವ ಒಂದು ಕಂಪ್ಯೂಟರ್ ಆಟಕ್ಕೆ ನಮ್ಮದೇ ಚಿತ್ರಗಳನ್ನು ಬರೆದು ಸೇರಿಸುವುದು. ನಮ್ಮ ಪಾಲಿಗೆ ಬಂದವನು ವೈದ್ಯ. ಯುದ್ಧದ ನಡುವೆ ಓಡಾಡಿ ಗಾಯಗೊಂಡವರಿಗೆ ಜೀವ ತುಂಬುವ ಪಾತ್ರ. ಒಬ್ಬರು ಪೆನ್ಸಿಲಿನಲ್ಲಿ ಗೆರೆ ಹಾಕಿದರು, ಇನ್ನೊಬ್ಬರು ಬಣ್ಣ ತುಂಬಿದರು, ಮತ್ತೊಬ್ಬರು ಅದನ್ನು ಆಟದೊಳಗೆ ಕೂರಿಸಿ ನೋಡಿದರು. ವೈದ್ಯನ ಹೆಗಲಿಗೆ ಬಿಳಿ ಚೀಲ, ಚೀಲದ ಮೇಲೆ ಕೆಂಪು ಶಿಲುಬೆ. ಇದಕ್ಕಿಂತ ಸುಲಭದ ಗುರುತು ಇನ್ನೇನಿದೆ ಎಂದುಕೊಂಡೆವು.

ನರ್ಸಿಂಗ್ ಓದುತ್ತಿರುವ ನಮ್ಮ ಅಕ್ಕ ಒಬ್ಬರು ಅದನ್ನು ನೋಡಿ, "ಆ ಗುರುತು ಹಾಕಬ್ಯಾಡ್ರೊ, ಅದು ದವಾಖಾನಿ ಗುರುತಲ್ಲ" ಎಂದರು. ನಮಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಆಟದ ಚಿತ್ರಕ್ಕೆ ಎಂಥಾ ಕಾನೂನು? ಆದರೆ ಓದುತ್ತ ಹೋದ ಹಾಗೆ ನಗು ನಿಂತಿತು. ಆ ಓದಿನ ಸಾರವನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಹವ್ಯಾಸಿಗಳ ಕೈಚಳಕ

ಆಟಗಳಿಗೆ ಹವ್ಯಾಸಿಗಳು ಚಿತ್ರ ಬರೆಯುವುದು ಹೊಸದಲ್ಲ. 2002ರಲ್ಲಿ ಬಿಡುಗಡೆಯಾದ 'ವಾರ್‌ಕ್ರಾಫ್ಟ್ 3' ಆಟದ ಜೊತೆಗೇ ನಕ್ಷೆ ತಯಾರಿಸುವ ಸಾಧನವೊಂದನ್ನೂ ಕೊಟ್ಟಿದ್ದರು. ಅದನ್ನು ಬಳಸಿ ಜಗತ್ತಿನ ನಾನಾ ಕಡೆಯ ಹುಡುಗರು ತಮ್ಮದೇ ಕಥೆ, ತಮ್ಮದೇ ವೀರರನ್ನು ಸೃಷ್ಟಿಸಿದರು. ಮುಂದೆ ಬಹಳ ಹೆಸರಾದ 'ಡೋಟಾ' ಹುಟ್ಟಿದ್ದೂ ಹೀಗೆ. ಆ ಆಟದಲ್ಲಿ ಪ್ರತಿ ಮದ್ದು, ಪ್ರತಿ ಮಂತ್ರಕ್ಕೂ ಒಂದು ಚೌಕದ ಗುಂಡಿ ಬೇಕು. ಅಳತೆ 64 × 64 ಪಿಕ್ಸೆಲ್. ಒತ್ತಲು ಸಿದ್ಧವಿರುವಾಗ ಹೊಳೆಯುವ ಚಿತ್ರ ಒಂದು, ಒತ್ತಲಾಗದಿರುವಾಗ ಮಂಕಾದ ಚಿತ್ರ ಇನ್ನೊಂದು. ಅಂಗೈಯಷ್ಟೂ ಇಲ್ಲದ ಆ ಚೌಕದಲ್ಲಿ 'ಇದು ಔಷಧ' ಎಂದು ನೋಡಿದ ಕ್ಷಣವೇ ತಿಳಿಯಬೇಕು.

2003ರಲ್ಲಿ ಡೇವಿಡ್ ವೈಟ್ ಎಂಬವರು ಆರಂಭಿಸಿದ 'ಬ್ಯಾಟಲ್ ಫಾರ್ ವೆಸ್ನಾತ್' ಇನ್ನೂ ಒಂದು ಹೆಜ್ಜೆ ಮುಂದೆ. ಅದು ಯಾರು ಬೇಕಾದರೂ ಪಡೆದು, ತಿದ್ದಿ, ಹಂಚಬಹುದಾದ ಮುಕ್ತ ಆಟ. ಅದರ ಚಿತ್ರ, ಸಂಗೀತ, ಅನುವಾದದಲ್ಲಿ ಸ್ವಯಂಸೇವಕರ ಪಾಲು ಬಹಳ ದೊಡ್ಡದು. ನೆಲವೆಲ್ಲ ಜೇನುಗೂಡಿನಂತೆ ಆರು ಮೂಲೆಯ ಮನೆಗಳು, ಒಂದೊಂದೂ 72 ಪಿಕ್ಸೆಲ್ ಅಗಲ. ಪಾತ್ರದ ಬಟ್ಟೆಯ ಒಂದು ಭಾಗವನ್ನು ಗಾಢ ನೇರಳೆಗೆಂಪಿನಲ್ಲಿ ಬರೆಯುತ್ತಾರೆ. ಆಡುವಾಗ ಆಟವೇ ಅದನ್ನು ಆಯಾ ಪಕ್ಷದ ಬಣ್ಣಕ್ಕೆ ಬದಲಿಸಿಕೊಳ್ಳುತ್ತದೆ. ಅಲ್ಲಿ ಬಿಳಿ ನಿಲುವಂಗಿಯ ಮಾಂತ್ರಿಕನೊಬ್ಬನಿದ್ದಾನೆ. ಪಕ್ಕದಲ್ಲಿ ನಿಂತ ಗಾಯಾಳುವಿಗೆ ಪ್ರತಿ ಸುತ್ತಿನಲ್ಲಿ 8 ಅಂಕ ಜೀವ ಮರಳಿಸುತ್ತಾನೆ, ವಿಷವನ್ನೂ ಇಳಿಸುತ್ತಾನೆ. ಆಡಿದವರಿಗೆಲ್ಲ ಗೊತ್ತು, ಕತ್ತಿ ಹಿಡಿದವರು ಎಷ್ಟೇ ಇರಲಿ, ಇವನೊಬ್ಬ ಇಲ್ಲದಿದ್ದರೆ ದಂಡು ಉಳಿಯುವುದಿಲ್ಲ.

ಇಂಥ ಪಾತ್ರ ಬರೆಯುವವರ ಕೈ ತಾನಾಗಿ ಹೋಗುವುದು ಕೆಂಪು ಶಿಲುಬೆಯತ್ತ. 1993ರ 'ಡೂಮ್' ಆಟದಲ್ಲಿ ಔಷಧದ ಪೆಟ್ಟಿಗೆಯ ಮೇಲೆ ಇದ್ದದ್ದು ಅದೇ. ಅದನ್ನು ನೋಡಿ ಬೆಳೆದವರು ಅದನ್ನೇ ಬರೆದರು. 2006ರಲ್ಲಿ ಕೆನಡಾದ ರೆಡ್ ಕ್ರಾಸ್ ಸಂಸ್ಥೆ ಆಟಗಳಲ್ಲಿ ಈ ಗುರುತು ಬಳಸಬೇಡಿ ಎಂದು ಕೇಳಿಕೊಂಡಿತು. 2012ರಲ್ಲಿ ಡೂಮ್ ಮತ್ತೆ ಬಿಡುಗಡೆಯಾದಾಗ ಶಿಲುಬೆಯ ಜಾಗದಲ್ಲಿ ಒಂದು ಮಾತ್ರೆಯ ಚಿತ್ರ ಬಂದಿತ್ತು. 2017ರಲ್ಲಿ 'ಪ್ರಿಸನ್ ಆರ್ಕಿಟೆಕ್ಟ್' ಆಟದವರಿಗೆ ಬ್ರಿಟಿಷ್ ರೆಡ್ ಕ್ರಾಸ್ ಪತ್ರ ಬರೆಯಿತು. ಅವರ ಆಟದ ಆಂಬುಲೆನ್ಸ್ ಮೇಲಿನ ಶಿಲುಬೆ ಕೆಲವೇ ಪಿಕ್ಸೆಲ್‌ಗಳಷ್ಟು. ಅದನ್ನೂ ಅವರು ಬದಲಿಸಿದರು.

ಇಷ್ಟು ಚಿಕ್ಕ ಚುಕ್ಕಿಗೆ ಇಷ್ಟು ದೊಡ್ಡ ಚಿಂತೆ ಏಕೆ? ಉತ್ತರ ಸಿಗುವುದು ಒಂದು ನಿಜವಾದ ರಣರಂಗದಲ್ಲಿ.

ಸೋಲ್ಫೆರಿನೊದ ಸಂಜೆ

ಹೆನ್ರಿ ಡ್ಯೂನಾಂಟ್ 1828ರ ಮೇ 8ರಂದು ಜಿನೀವಾದಲ್ಲಿ ಹುಟ್ಟಿದವರು. ದೈವಭಕ್ತಿಯ ಮನೆತನ. ನಮ್ಮಂತೆಯೇ ಯುವಜನರ ಬಳಗ ಕಟ್ಟಿಕೊಂಡು ಬೈಬಲ್ ಓದುತ್ತಿದ್ದರು, ಬಡವರ ಮನೆಗೆ ಹೋಗುತ್ತಿದ್ದರು. 1852ರಲ್ಲಿ ಜಿನೀವಾದ ವೈ.ಎಂ.ಸಿ.ಎ. ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. 1855ರಲ್ಲಿ ಪ್ಯಾರಿಸ್ಸಿನಲ್ಲಿ ಅದು ಜಾಗತಿಕ ಒಕ್ಕೂಟವಾಗುವಾಗಲೂ ಮುಂದೆ ನಿಂತಿದ್ದರು.

1859ರ ಜೂನ್ 24ರಂದು ಉತ್ತರ ಇಟಲಿಯ ಸೋಲ್ಫೆರಿನೊದಲ್ಲಿ ಒಂದು ಕಡೆ ಫ್ರಾನ್ಸ್ ಮತ್ತು ಸಾರ್ಡೀನಿಯ, ಇನ್ನೊಂದು ಕಡೆ ಆಸ್ಟ್ರಿಯ ಕಾದಾಡಿದವು. ಡ್ಯೂನಾಂಟ್ ಅಲ್ಲಿಗೆ ಬಂದದ್ದು ಸೇವೆಗಲ್ಲ, ತಮ್ಮ ವ್ಯಾಪಾರದ ವಿಷಯವಾಗಿ ಫ್ರಾನ್ಸಿನ ಚಕ್ರವರ್ತಿಯನ್ನು ಕಾಣಲು. ಕಂಡದ್ದು ಮಾತ್ರ ಸುಮಾರು 40,000 ಮಂದಿ ಸತ್ತು, ಗಾಯಗೊಂಡು ಬಿದ್ದಿದ್ದ ಬಯಲು. ಪಕ್ಕದ ಕಾಸ್ಟಿಲಿಯೋನೆ ಊರಿಗೆ ಗಾಯಾಳುಗಳನ್ನು ಗಾಡಿಗಟ್ಟಲೆ ತಂದರು. ಅಲ್ಲಿನ ದೊಡ್ಡ ದೇವಾಲಯವೇ ಆಸ್ಪತ್ರೆಯಾಯಿತು. ನೀರಿತ್ತು, ಕೊಡುವ ಕೈಗಳಿರಲಿಲ್ಲ. ಡ್ಯೂನಾಂಟ್ ಊರಿನ ಹೆಂಗಸರನ್ನು, ಮಕ್ಕಳನ್ನು ಸೇರಿಸಿಕೊಂಡು ಗಾಯ ತೊಳೆದರು, ಸಾಯುವವರ ಕೊನೆಯ ಮಾತನ್ನು ಮನೆಗೆ ಬರೆದು ಕಳಿಸಿದರು. ಶತ್ರು ಯಾರು, ಮಿತ್ರ ಯಾರು ಎಂದು ಅಲ್ಲಿನ ಹೆಂಗಸರು ನೋಡಲಿಲ್ಲ. ಎಲ್ಲರೂ ಅಣ್ಣತಮ್ಮಂದಿರೇ ಎಂದರು.

ಅಲ್ಲಿ ಬಯಲಿಗೆ ಬಂದ ಒಂದು ಕೊರತೆ ನಮ್ಮ ಕಥೆಗೆ ಮುಖ್ಯ. ಆಗ ಆಸ್ಪತ್ರೆಗೆ ಆಸ್ಟ್ರಿಯದವರು ಬಿಳಿ ಬಾವುಟ ಕಟ್ಟುತ್ತಿದ್ದರು, ಫ್ರಾನ್ಸಿನವರು ಕೆಂಪು. ಒಬ್ಬರ ಗುರುತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ದೂರದಿಂದ ಗುಂಡು ಹಾರಿಸುವವನಿಗೆ ಎದುರಿಗಿರುವುದು ಮದ್ದಿನ ಗಾಡಿಯೋ, ಮದ್ದುಗುಂಡಿನ ಗಾಡಿಯೋ ಎಂದು ಗೊತ್ತಾಗುವ ದಾರಿಯೇ ಇರಲಿಲ್ಲ.

ಕಂಡದ್ದನ್ನೆಲ್ಲ ಡ್ಯೂನಾಂಟ್ 1862ರಲ್ಲಿ ತಮ್ಮ ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿ 1,600 ಪ್ರತಿ ಹಂಚಿದರು. 1863ರ ಫೆಬ್ರವರಿಯಲ್ಲಿ ಜಿನೀವಾದ ಐವರ ಸಮಿತಿ ಕೂಡಿತು. ಅದೇ ವರ್ಷ ಅಕ್ಟೋಬರಿನ ಸಮ್ಮೇಳನ ಒಂದು ಗುರುತನ್ನು ಒಪ್ಪಿತು: ಬಿಳಿ ಪಟ್ಟಿಯ ಮೇಲೆ ಕೆಂಪು ಶಿಲುಬೆ. ಸ್ವಿಟ್ಜರ್ಲೆಂಡ್ ಬಾವುಟದ ಬಣ್ಣಗಳನ್ನು ಅದಲುಬದಲು ಮಾಡಿದ ರೂಪ. 1864ರ ಆಗಸ್ಟ್ 22ರಂದು 12 ದೇಶಗಳು ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದವು. ಈ ಗುರುತು ಹೊತ್ತವರ ಮೇಲೆ ಕೈಮಾಡಬಾರದು ಎಂಬ ಮಾತು ಕಾನೂನಾಯಿತು.

ಡ್ಯೂನಾಂಟ್‌ರ ಮುಂದಿನ ಬಾಳು ಸುಖದ್ದಲ್ಲ. 1867ರಲ್ಲಿ ದಿವಾಳಿಯಾದರು. ಊರು ಅವರನ್ನು ದೂರ ಮಾಡಿತು. ಕೊನೆಗಾಲವನ್ನು ಹೈಡನ್ ಎಂಬ ಹಳ್ಳಿಯ ಆಸ್ಪತ್ರೆಯ ಒಂದು ಕೋಣೆಯಲ್ಲಿ ಕಳೆದರು. 1901ರಲ್ಲಿ ಮೊಟ್ಟಮೊದಲ ನೊಬೆಲ್ ಶಾಂತಿ ಪ್ರಶಸ್ತಿ ಅವರಿಗೂ ಫ್ರೆಡರಿಕ್ ಪಾಸಿಯವರಿಗೂ ಬಂತು. 1910ರ ಅಕ್ಟೋಬರ್ 30ರಂದು ತೀರಿಕೊಂಡರು.

ಜೂಜುಗಾರನ ಶಿಲುಬೆ

ಡ್ಯೂನಾಂಟ್‌ರಿಗಿಂತ ಮೂರು ಶತಮಾನ ಹಿಂದೆಯೇ ಕೆಂಪು ಶಿಲುಬೆ ಹೊತ್ತು ರೋಗಿಗಳ ನಡುವೆ ಓಡಾಡಿದ ಇನ್ನೊಬ್ಬರಿದ್ದರು. ಆಟದ ಹುಚ್ಚಿರುವ ನಾವು ಅವರನ್ನು ತಿಳಿಯಲೇಬೇಕು. ಅವರೇ ಸಂತ ಕಮಿಲಸ್ ದೆ ಲೆಲ್ಲಿಸ್.

1550ರಲ್ಲಿ ಇಟಲಿಯಲ್ಲಿ ಹುಟ್ಟಿದ ಕಮಿಲಸ್ ಸಿಪಾಯಿಯಾಗಿದ್ದವರು, ಭಾರಿ ಜೂಜುಗಾರ. ಕಾಲಿನ ಮಾಯದ ಹುಣ್ಣಿಗಾಗಿ ರೋಮಿನ ಆಸ್ಪತ್ರೆ ಸೇರಿದರೆ, ಇಸ್ಪೀಟು ಮತ್ತು ಜಗಳದ ದೆಸೆಯಿಂದ ಅಲ್ಲಿಂದಲೂ ಹೊರಗೆ ಹಾಕಿಸಿಕೊಂಡರು. 1574ರಲ್ಲಿ ನೇಪಲ್ಸಿನಲ್ಲಿ ಮೈಮೇಲಿನ ಅಂಗಿಯವರೆಗೆ ಎಲ್ಲವನ್ನೂ ಸೋತು ಕೂಲಿಗೆ ನಿಂತರು. 1575ರ ಫೆಬ್ರವರಿ 2ರಂದು ಅವರ ಮನಸ್ಸು ದೇವರ ಕಡೆ ತಿರುಗಿತು. ತಮ್ಮನ್ನು ಹೊರಗೆ ಹಾಕಿದ್ದ ಅದೇ ಆಸ್ಪತ್ರೆಗೆ ಮರಳಿ ಸೇವಕರಾದರು. ರೋಗಿಗಳ ಸೇವೆಗೆಂದೇ ಒಂದು ಸಭೆ ಕಟ್ಟಿದರು. 1586ರಲ್ಲಿ ಐದನೆಯ ಸಿಕ್ಸ್ತಸ್ ಜಗದ್ಗುರುಗಳು ಆ ಸಭೆಯವರಿಗೆ ಕಪ್ಪು ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಧರಿಸಲು ಅನುಮತಿ ಕೊಟ್ಟರು. ಪ್ಲೇಗಿನಲ್ಲೂ ರಣರಂಗದಲ್ಲೂ ಅವರು ಆ ಶಿಲುಬೆ ಹೊತ್ತು ದುಡಿದರು. ಬೆಂಗಳೂರಿನಲ್ಲಿ ಎಚ್.ಐ.ವಿ. ಪೀಡಿತರಿಗಾಗಿ ಆರಂಭವಾದ 'ಸ್ನೇಹದಾನ' ಇದೇ ಸಭೆಯವರದು. ಜುಲೈ 14 ಸಂತ ಕಮಿಲಸರ ಹಬ್ಬ.

ಹಾಗಾದರೆ ರೆಡ್ ಕ್ರಾಸ್ ಗುರುತು ನಮ್ಮ ಧರ್ಮದ ಗುರುತೇ? ಅಲ್ಲ. ಈ ಎರಡು ಶಿಲುಬೆಗಳನ್ನು ಬೆರೆಸಬಾರದು. ಕಮಿಲಸರದು ಕ್ರಿಸ್ತನ ಪಾಡನ್ನು ನೆನಪಿಸುವ ಶಿಲುಬೆ. ಜಿನೀವಾದ್ದು ಯಾವ ಮತಕ್ಕೂ ಸೇರದ ರಕ್ಷಣೆಯ ಚಿಹ್ನೆ. 1876ರಲ್ಲಿ ತುರ್ಕಿಯ ಒಟ್ಟೊಮನ್ ಸರ್ಕಾರ ತನ್ನ ಸೈನಿಕರ ಮನಸ್ಸಿಗೆ ನೋವಾಗದಿರಲೆಂದು ಕೆಂಪು ಅರ್ಧಚಂದ್ರ ಬಳಸಿತು. 2005ರಲ್ಲಿ ಯಾವ ಮತದ ನೆರಳೂ ಇಲ್ಲದ ಕೆಂಪು ಸ್ಫಟಿಕವೂ ಸೇರಿತು. ಮೂರಕ್ಕೂ ಅರ್ಥ ಒಂದೇ: ಗುಂಡು ಹಾರಿಸಬೇಡ.

ನಮ್ಮೂರಿಗೂ ಇದಕ್ಕೂ ಏನು ಸಂಬಂಧ

ಕೃಷ್ಣಾದಲ್ಲಿ ಬದುಕುವ ನಮಗೆ ಗುರುತಿನ ಬೆಲೆ ಬೇಗ ಅರ್ಥವಾಗುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯ ಬೋರ್ಡಿನಲ್ಲಿ ತೆಲುಗು, ಸಂತೆಯಲ್ಲಿ ಉರ್ದುವೂ ಕಿವಿಗೆ ಬೀಳುತ್ತದೆ. ಹೊಳೆ ದಾಟಿದರೆ ರಾಯಚೂರು, ಬೇರೆ ರಾಜ್ಯ. ಓದು ಬಾರದ ಅಜ್ಜಿಗೂ ಯಾವ ಭಾಷೆಯ ಹಂಗಿಲ್ಲದೆ ತಿಳಿಯುವುದು ಚಿತ್ರ ಒಂದೇ. ರಣರಂಗದಲ್ಲಿ ಆ ಚಿತ್ರಕ್ಕೆ ಒಂದೇ ಅರ್ಥ ಇರಬೇಕು. ಔಷಧ ಅಂಗಡಿ, ಕ್ಲಿನಿಕ್, ಆಟಿಕೆ, ಕಂಪ್ಯೂಟರ್ ಆಟ ಎಲ್ಲದರ ಮೇಲೂ ಅದೇ ಇದ್ದರೆ ಅರ್ಥ ಸವೆದುಹೋಗುತ್ತದೆ. ಆಟದಲ್ಲಿ ಕೆಂಪು ಶಿಲುಬೆ ಹೊತ್ತವನು ಮರುಕ್ಷಣ ಬಂದೂಕು ಎತ್ತುತ್ತಾನೆ. ಅದನ್ನೇ ಸಾವಿರ ಸಲ ನೋಡಿ ಬೆಳೆದ ಹುಡುಗ ನಾಳೆ ಸೈನಿಕನಾದರೆ, ನಿಜವಾದ ಆಂಬುಲೆನ್ಸ್ ಎದುರು ಬಂದಾಗ ಅವನ ಬೆರಳು ತಡೆಯುವುದೇ? ರೆಡ್ ಕ್ರಾಸ್‌ನ ಭಯ ಇದೇ.

ಭಾರತದಲ್ಲೂ ಇದು ಕಾನೂನು. ನಮ್ಮ ದೇಶ 1950ರಲ್ಲಿ ಜಿನೀವಾ ಒಪ್ಪಂದಗಳನ್ನು ಅಂಗೀಕರಿಸಿತು. 1960ರ ಜಿನೀವಾ ಒಪ್ಪಂದಗಳ ಕಾಯಿದೆಯ 12ನೇ ಕಲಮಿನ ಪ್ರಕಾರ ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಈ ಗುರುತನ್ನು ಬಳಸುವಂತಿಲ್ಲ. ವೈದ್ಯರಿಗೂ ಔಷಧ ಅಂಗಡಿಗೂ ವಿನಾಯಿತಿ ಇಲ್ಲ. ಅಕ್ಕ ಹೇಳಿದ್ದು ಸರಿಯಾಗಿತ್ತು.

ಹಾಗಾದರೆ ಏನು ಬರೆಯಬೇಕು?

ದಾರಿಗಳು ಬೇಕಾದಷ್ಟಿವೆ. ಹಸಿರು ಹಲಗೆಯ ಮೇಲೆ ಬಿಳಿ ಶಿಲುಬೆ ಜಗತ್ತಿನೆಲ್ಲೆಡೆ ಪ್ರಥಮ ಚಿಕಿತ್ಸೆಯ ಗುರುತು. ಆಂಬುಲೆನ್ಸ್‌ಗಳ ಮೇಲೆ ಕಾಣುವ ಆರು ಕೈಗಳ ನೀಲಿ ನಕ್ಷತ್ರ ಹುಟ್ಟಿದ್ದೂ ಇದೇ ಕಾರಣಕ್ಕೆ. 1970ರ ದಶಕದಲ್ಲಿ ಅಮೆರಿಕದ ಆಂಬುಲೆನ್ಸ್‌ಗಳ ಶಿಲುಬೆಗೆ ಅಲ್ಲಿನ ರೆಡ್ ಕ್ರಾಸ್ ಆಕ್ಷೇಪಿಸಿದ ಮೇಲೆ ಅದನ್ನು ರೂಪಿಸಿದರು. ಅದರ ನಡುವೆ ಒಂದು ಕೋಲು, ಕೋಲಿಗೆ ಸುತ್ತಿದ ಒಂದು ಹಾವು. ಅದು ಗ್ರೀಕರ ವೈದ್ಯದೇವತೆ ಅಸ್ಕ್ಲೇಪಿಯಸ್‌ನ ಕೋಲು. ಎರಡು ಹಾವು, ಎರಡು ರೆಕ್ಕೆ ಇರುವ ಇನ್ನೊಂದು ಕೋಲಿದೆ. ಅದು ವ್ಯಾಪಾರದ ದೇವತೆಯದು. 1902ರಲ್ಲಿ ಅಮೆರಿಕದ ಸೇನಾ ವೈದ್ಯ ವಿಭಾಗ ಅದನ್ನು ಎತ್ತಿಕೊಂಡ ಮೇಲೆ ಎರಡೂ ಕಲಸಿಹೋದವು. ಚಿತ್ರ ಬರೆಯುವ ಗೆಳೆಯರೇ, ಹಾವು ಎಣಿಸಿ ಬರೆಯಿರಿ.

ಕೋಲು ಮತ್ತು ಹಾವು ಎಂದರೆ ನಮಗೆ ಮೋಶೆಯ ನೆನಪಾಗುತ್ತದೆ. ಸಂಖ್ಯಾಕಾಂಡದ 21ನೇ ಅಧ್ಯಾಯದಲ್ಲಿ ಹಾವು ಕಚ್ಚಿದವರು ಕಂಬದ ಮೇಲಿನ ಕಂಚಿನ ಸರ್ಪವನ್ನು ನೋಡಿ ಬದುಕಿಕೊಂಡರು. ಯೇಸುಸ್ವಾಮಿ ತಮ್ಮನ್ನೇ ಅದಕ್ಕೆ ಹೋಲಿಸಿದರು. ಆದರೆ ಮುಂದೆ ಜನ ಆ ಸರ್ಪಕ್ಕೇ ಧೂಪ ಹಾಕತೊಡಗಿದಾಗ ಅರಸ ಹಿಜ್ಕೀಯನು ಅದನ್ನು ಒಡೆದುಹಾಕಿದ. ಗುರುತು ಯಾವುದನ್ನು ತೋರಿಸಲು ಇದೆಯೋ ಅದನ್ನು ಮರೆತರೆ ಹೀಗಾಗುತ್ತದೆ.

ನಾವು ಬಹಳ ಚರ್ಚೆ ಮಾಡಿ ಚೀಲದ ಚಿತ್ರವನ್ನು ತಿದ್ದಿದೆವು. ಸಂತ ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ದಾರಿಬದಿ ಬಿದ್ದವನನ್ನು ಕಂಡು ಆ ಸಮಾರಿಯದವನು ನಿಂತಾಗ ಅವನ ಬಳಿ ಇದ್ದದ್ದು ಎಣ್ಣೆ ಮತ್ತು ದ್ರಾಕ್ಷಾರಸ. ನಮ್ಮ ವೈದ್ಯನ ಚೀಲದ ಮೇಲೆ ಈಗ ಒಂದು ಎಣ್ಣೆಯ ಕುಡಿಕೆ ಇದೆ, ಪಕ್ಕದಲ್ಲಿ ಎರಡು ಬೇವಿನೆಲೆ. 64 ಪಿಕ್ಸೆಲ್‌ನಲ್ಲಿ ಕುಡಿಕೆ ಮೊದಲು ಈರುಳ್ಳಿಯ ಹಾಗೆ ಕಂಡಿತು. ನಾಲ್ಕನೇ ಸಲಕ್ಕೆ ಸರಿಯಾಯಿತು.

ಅಕ್ಕನಿಗೆ ತೋರಿಸಿದೆವು. "ಈಗ ಚಂದ ಐತಿ" ಎಂದರು. ನಿಮ್ಮ ಓಣಿಯ ಯಾವುದಾದರೂ ಅಂಗಡಿ, ಪೆಟ್ಟಿಗೆ, ಪೋಸ್ಟರಿನ ಮೇಲೆ ಆ ಕೆಂಪು ಶಿಲುಬೆ ಕಂಡರೆ ಜಗಳಕ್ಕೆ ಹೋಗಬೇಡಿ. ಸೋಲ್ಫೆರಿನೊದ ಆ ಸಂಜೆಯ ಕಥೆ ಹೇಳಿ. ನಾವೂ ಆ ಕಥೆ ಕೇಳುವವರೆಗೆ ಅದನ್ನೇ ಬರೆಯುತ್ತಿದ್ದೆವು.