ಸಾನೆಟ್ಟಿ ಪ್ರಸ್ಥಭೂಮಿ: ಕೆಂಪು ತೋಳಗಳ ನೆಲೆ

ನೀವೀಗ ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದಲ್ಲಿ. ಏದುಸಿರು ಬಂದರೆ ಗಾಬರಿಯಾಗಬೇಡಿ, ಮೆಲ್ಲಗೆ ಹೆಜ್ಜೆ ಹಾಕಿ. ನಿಂತು ನೋಡುವವರಿಗೇ ಈ ಬಯಲು ಹೆಚ್ಚು ತೋರುತ್ತದೆ.

ಈ ಪ್ರಸ್ಥಭೂಮಿಯನ್ನು ಒಳಗೊಂಡ, ಇಥಿಯೋಪಿಯಾದ ಬಾಲೆ ಪರ್ವತ ರಾಷ್ಟ್ರೀಯ ಉದ್ಯಾನ 1970ರಲ್ಲಿ ಆರಂಭವಾಯಿತು. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಬೋಳಾಗಿ ಕಾಣುವ ಈ ನೆಲದ ಕೆಳಗೆ ಬಿಲಗಳ ಜಾಲವೇ ಇದೆ. ಅಲ್ಲಿ ವಾಸಿಸುವ ದೈತ್ಯ ಬಿಲ-ಇಲಿ ಬಾಲೆ ಪರ್ವತಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮೇಯಲು ಅದು ಬಿಲದಿಂದ ತಲೆ ಹೊರಹಾಕುವ ಕ್ಷಣಕ್ಕಾಗಿಯೇ ಇಥಿಯೋಪಿಯಾದ ತೋಳ ಕಾಯುತ್ತದೆ. ಕೆಂಪು ಮೈ, ಬಿಳಿ ಕತ್ತು, ನೀಳ ಕಾಲು, ಚೂಪು ಮೂತಿ. ಈ ತೋಳಗಳು ಗುಂಪಾಗಿ ಬಾಳುತ್ತವೆ, ಆದರೆ ಇಲಿಬೇಟೆಗೆ ಒಂಟಿಯಾಗಿ, ಹಗಲಿನಲ್ಲೇ ಹೊರಡುತ್ತವೆ. ಇಡೀ ಪ್ರಪಂಚದಲ್ಲಿ ಉಳಿದಿರುವುದು ಸುಮಾರು 500 ಮಾತ್ರ. ಅರ್ಧಕ್ಕೂ ಹೆಚ್ಚಿನವು ಈ ಪರ್ವತಗಳಲ್ಲಿವೆ. ಸಾಕುನಾಯಿಗಳಿಂದ ಹರಡುವ ರೇಬೀಸ್ ಇವುಗಳ ಬಹುದೊಡ್ಡ ಶತ್ರು. 1990ರ ದಶಕದ ಆರಂಭದಲ್ಲಿ, ಮತ್ತೆ 2003ರಲ್ಲಿ, ಈ ರೋಗ ಬಾಲೆಯಲ್ಲಿ ಹಲವು ಗುಂಪುಗಳನ್ನೇ ಅಳಿಸಿತು. ಅದಕ್ಕೇ ಸುತ್ತಲಿನ ಹಳ್ಳಿಗಳ ನಾಯಿಗಳಿಗೆ ಲಸಿಕೆ ಹಾಕುವ ಕೆಲಸ ನಡೆಯುತ್ತ ಬಂದಿದೆ. ದಯವಿಟ್ಟು ನಾಯಿಗಳನ್ನು ಕರೆತರಬೇಡಿ, ತೋಳ ಕಂಡರೆ ವಾಹನದಿಂದ ಇಳಿಯಬೇಡಿ.

ಅಲ್ಲಲ್ಲಿ ಕಂಬದಂತೆ ನಿಂತಿರುವುದು ದೈತ್ಯ ಲೊಬಿಲಿಯಾ ಗಿಡ. ಪ್ರಸ್ಥಭೂಮಿಯ ಅತ್ಯುನ್ನತ ಶಿಖರ 4,377 ಮೀಟರ್ ಎತ್ತರದ ತುಲ್ಲು ದಿಮ್ತು.

ದಕ್ಷಿಣಕ್ಕೆ ರಸ್ತೆ ಕಡಿದಾಗಿ ಇಳಿದು ಹರೆನ್ನಾ ಕಾಡನ್ನು ಹೊಗುತ್ತದೆ. ಪಾಚಿ ಹೊದ್ದ ಮರಗಳ ಆ ಕಾಡಿನ ತಗ್ಗು ಭಾಗಗಳಲ್ಲಿ ಕಾಫಿ ಇಂದಿಗೂ ಕಾಡುಗಿಡವಾಗಿಯೇ ಬೆಳೆಯುತ್ತದೆ.