ಸಿದ್ದಿಯರ ಹಿರಿಯರ ಪೂಜೆ ಮತ್ತು ಮತ ಸಮ್ಮಿಲನ

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ತಾಲೂಕುಗಳ ಕಾಡಂಚಿನಲ್ಲಿ ಬಾಳುತ್ತಿರುವ ಸಿದ್ದಿಯರ ಪೂರ್ವಜರು ಆಫ್ರಿಕಾ ಖಂಡದವರು. ಪೋರ್ಚುಗೀಸರು ಮೊಜಾಂಬಿಕ್ ಮೊದಲಾದ ಪೂರ್ವ ಕರಾವಳಿಯ ಪ್ರದೇಶಗಳಿಂದ ಗೋವೆಗೆ ತಂದು ಮಾರಿದ ದಾಸರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಅರಣ್ಯವನ್ನು ಸೇರಿದರು. ಈ ಜನಾಂಗದವರೆಲ್ಲರೂ ದಾಸರಾಗಿಯೇ ಉಳಿದರೆಂದು ಭಾವಿಸಲಾಗದು. ವಿಜಾಪುರದ ಆದಿಲಶಾಹಿಯಲ್ಲಿ ಇಖ್ಲಾಸ್ ಖಾನನು ಅಧಿಕಾರ ನಡೆಸಿದನು. ಅಹಮದನಗರದ ಮಲಿಕ್ ಅಂಬರನು 1626ರಲ್ಲಿ ತೀರಿಕೊಳ್ಳುವವರೆಗೂ ಮೊಗಲರನ್ನು ತಡೆದು ನಿಂತನು. ಕಾಡು ಸೇರಿದವರ ಚರಿತ್ರೆ ಮಾತ್ರ ಬಖೈರುಗಳಲ್ಲಿ ಬರೆಯಲ್ಪಡಲಿಲ್ಲ.

ಸಿದ್ದಿಯರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ದೇವಾಲಯ, ಮಸೀದಿ, ಇಗರ್ಜಿಗಳು ಬೇರೆಬೇರೆಯಾದರೂ ಹಿರಿಯರ ಪೂಜೆ ಇವರನ್ನು ಒಂದುಗೂಡಿಸುತ್ತದೆ. ಗತಿಸಿದವರು ಮನೆಯನ್ನು ಬಿಟ್ಟು ಹೋಗುವುದಿಲ್ಲ, ಸಂತೋಷ ಸಂಕಟಗಳಲ್ಲಿ ಪಾಲುದಾರರಾಗಿರುತ್ತಾರೆ ಎಂಬ ನಂಬಿಕೆಯಿಂದ ತೆಂಗಿನಕಾಯಿಯನ್ನು ಅವರ ಪ್ರತೀಕವಾಗಿರಿಸಿ ಆರಾಧಿಸುವುದುಂಟು. ಯಲ್ಲಾಪುರದ ಬಳಿಯ ಸಾತುಂಬೈಲಿನ ಸಿದ್ದಿ ನ್ಯಾಸ್ ದೇವರಿಗೂ ಮೂರು ಮತದವರು ನಡೆದುಕೊಳ್ಳುತ್ತಾರೆ. ಟಿ. ಸಿ. ಪಾಲಾಕ್ಷಪ್ಪನವರು ಈ ಜನಾಂಗವನ್ನು ಕುರಿತು 1976ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು.

ಈ ಪೂಜೆ ಆಫ್ರಿಕಾದಿಂದ ಬಂದುದೋ, ಕನ್ನಡ ನೆಲದ್ದೋ? ಪಿತೃಗಳ ಆರಾಧನೆ ಆಫ್ರಿಕಾದ ಅನೇಕ ಜನಾಂಗಗಳ ಧರ್ಮಜೀವನದ ತಿರುಳು. ಆದರೆ ‘ಹಿರಿಯರು’ ಎಂಬ ಮಾತು ಅಚ್ಚಗನ್ನಡದ್ದು. ಮಹಾಲಯದಲ್ಲಿ ಹಿರಿಯರಿಗೆ ಎಡೆಯಿಡುವುದು ನಮ್ಮ ಒಕ್ಕಲು ಮಕ್ಕಳ ವಾಡಿಕೆ. ತಂದ ನಂಬಿಕೆಗೆ ಇಲ್ಲಿ ಒಂದು ಹೆಸರು ಸಿಕ್ಕಿತೆನ್ನಬಹುದು, ಇಲ್ಲಿಯ ಆಚಾರಕ್ಕೆ ಹಳೆಯ ನೆನಪು ಜೀವ ತುಂಬಿತೆಂದೂ ಹೇಳಬಹುದು. ಇದನ್ನು ಬರಿಯ ಕಲಬೆರಕೆಯೆಂದು ತಳ್ಳಿಹಾಕುವುದು ಅವಿಚಾರ.

ಅಟ್ಲಾಂಟಿಕ್ ಸಾಗರದಾಚೆಯ ಕೆರಿಬಿಯನ್ ದ್ವೀಪಗಳಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಏಳುತ್ತದೆ. ಕ್ಯೂಬಾದಲ್ಲಿ ಯೊರೂಬಾ ಜನರ ಸಿಡಿಲಿನ ದೇವತೆ ಚಾಂಗೋ, ಸಿಡಿಲಿನಿಂದ ಕಾಯುವ ಸಂತಳಾದ ಬಾರ್ಬರಳೊಡನೆ ಒಂದಾದನು. ಗಂಡುದೇವರು ಹೆಣ್ಣುಸಂತಳ ಚಿತ್ರಪಟದಲ್ಲಿ ನೆಲೆಸಿದ್ದು ಭಕ್ತರಿಗೆ ತೊಡಕೆನಿಸಲಿಲ್ಲ. ಹೈತಿಯ ವೊಡೂವಿನಲ್ಲಿ ಕಬ್ಬಿಣದ ದೇವತೆ ಓಗೂ, ಕುದುರೆಯೇರಿದ ಸಂತ ಯಾಕೋಬನಾದನು. ಟ್ರಿನಿಡಾಡಿಗೆ 1845ರಿಂದ ಕೂಲಿಗಳಾಗಿ ಹೋದ ಭಾರತೀಯರು ಸಿಪಾರಿಯಾ ಊರಿನ ಇಗರ್ಜಿಯ ಮಾತೆಯನ್ನು ‘ಸಿಪಾರಿ ಮಾಯಿ’ ಎಂದು ಪೂಜಿಸತೊಡಗಿದರು.

ಎರಡು ಕಡೆಗೂ ಒಂದು ಭೇದವುಂಟು. ಕ್ಯೂಬಾದಲ್ಲಿ ದಾಸ್ಯವು 1886ರವರೆಗೂ ಉಳಿದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದೇ ನುಡಿಯ ಯೊರೂಬರು ಬಹುಸಂಖ್ಯೆಯಲ್ಲಿ ಬಂದಿಳಿದುದರಿಂದ ದೇವತೆಗಳ ಹೆಸರು, ಹಾಡು, ಅರ್ಚಕಪರಂಪರೆಗಳು ಉಳಿದುವು. ಸಿದ್ದಿಯರ ಪೂರ್ವಜರಾದರೋ ಬೇರೆಬೇರೆ ಕಾಲಗಳಲ್ಲಿ, ಬೇರೆಬೇರೆ ನಾಡುಗಳಿಂದ ಚದುರಿ ಬಂದವರು. ಅವರ ಮೂಲಭಾಷೆ ಅಳಿಯಿತು. ಕೊಂಕಣಿ, ಕನ್ನಡ, ಮರಾಠಿ, ಉರ್ದುಗಳು ಬಾಯಿಗೆ ಬಂದುವು. ಭಾಷೆ ಹೋದರೂ ಡಮಾಮಿ ಉಳಿಯಿತು: ಕೊರೆದ ಮರಕ್ಕೆ ಚರ್ಮ ಬಿಗಿದ ಈ ವಾದ್ಯದ ಬಡಿತಕ್ಕೆ ಮೂರು ಮತದವರ ಹೆಜ್ಜೆಯೂ ಒಂದೇ.

ಕೇಂದ್ರ ಸರ್ಕಾರವು 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಪರಿಶಿಷ್ಟ ಪಂಗಡದ ಮನ್ನಣೆಗೆ ಮತವು ಅಡ್ಡಿಯಲ್ಲ. ಆದುದರಿಂದ ಇಗರ್ಜಿಗೆ ಹೋಗುವವನೂ, ನಮಾಜು ಮಾಡುವವನೂ, ತುಳಸಿಗೆ ನೀರೆರೆಯುವವನೂ ಒಂದೇ ಹೆಸರಿನಲ್ಲಿ ಸರ್ಕಾರದ ಪಟ್ಟಿಯನ್ನು ಸೇರಿದರು.